ತಾಲೀಮು ಸಾಕಿದ ಫುಟ್‌ಬಾಲ್

ಕೊಲ್ಹಾಪುರದ ಶಾಹು ಸ್ಟೇಡಿಯಮ್ಮಿನಲ್ಲಿ ಆಡುವ ಫುಟ್‌ಬಾಲ್ ತಂಡಗಳ ಹೆಸರುಗಳನ್ನು ಒಮ್ಮೆ ಓದಿ ನೋಡಿ. ಪಾಟಾಕಡೀಲ ತಾಲೀಮ ಮಂಡಳ, ಖಂಡೋಬಾ ತಾಲೀಮ ಮಂಡಳ, ದಿಲಬಹಾರ ತಾಲೀಮ ಮಂಡಳ, ಬಾಲಗೋಪಾಲ ತಾಲೀಮ ಮಂಡಳ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳಿಂದ ಓದಲಿಕ್ಕೆ ಅಲ್ಲಿಗೆ ಹೋದ ಹುಡುಗ ಇದನ್ನು ಕುಸ್ತಿ ಕಣದ ಪಟ್ಟಿ ಎಂದೇ ತಿಳಿದಾನು. ಸಂಖ, ಉಮದಿ, ಬಿಳೂರಿನ ಕಡೆ ತಾಲೀಮು ಎಂದರೆ ಕೆಮ್ಮಣ್ಣಿನ ಹೌದ, ಗೋಡೆಗೆ ಹನುಮಪ್ಪ, ಮೂಲೆಯಲ್ಲಿ ಎತ್ತುವ ಗುಂಡು, ಕಟ್ಟೆಯ ಮೇಲೆ ಕೂತ ವಸ್ತಾದ. ಕೊಲ್ಹಾಪುರದಲ್ಲಿ ಅದೇ ತಾಲೀಮು ಫುಟ್‌ಬಾಲ್ ತಂಡ ಕಟ್ಟುತ್ತದೆ, ಆಟಗಾರರ ಹೆಸರು ನೋಂದಾಯಿಸುತ್ತದೆ, ಗೆದ್ದ ದಿನ ಗುಲಾಲು ಹಾರಿಸುತ್ತದೆ.

ಈ ತಾಲೀಮು ಕುಸ್ತಿಗಷ್ಟೇ ಮೀಸಲಾದ ಜಾಗವಾಗಿ ಉಳಿದಿಲ್ಲ. ಅದು ಪೇಟೆಯ ಚಾವಡಿ. ಗಣಪತಿಯನ್ನು ಕೂರಿಸುವವರು ಅವರೇ, ಮೊಹರಮ್ಮಿಗೆ ಪಂಜಾ ಕೂರಿಸುವವರೂ ಎಷ್ಟೋ ಕಡೆ ಅವರೇ. ಎರಡೂ ಹಬ್ಬ ಒಟ್ಟಿಗೆ ಬಂದ ವರ್ಷ ಒಂದೇ ಮಂಟಪದಲ್ಲಿ ಗಣಪತಿಯೂ ಪಂಜಾವೂ ಕೂತದ್ದುಂಟು. ಅಲಾಯಿ ಹೆಜ್ಜೆ ಹಾಕುವ ನಮ್ಮ ಗಡಿ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೌದದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣಿನ ರಸ, ಅರಿಸಿನ ಬೆರೆಸಿ ಹದ ಮಾಡುವುದು, ದಂಡ ಬೈಠಕು ಹೊಡೆದು ಮೈ ಕಾಯಿಸುವುದು, ಬಾದಾಮಿ ಅರೆದ ಥಂಡಾಯಿ ಕುಡಿಯುವುದು, ಇವೆಲ್ಲ ಪೈಲ್ವಾನರ ಕಸುಬು. ಫುಟ್‌ಬಾಲ್ ಹುಡುಗರಲ್ಲಿ ಈಗ ಮಣ್ಣಿಗಿಳಿಯುವವರು ಕಡಿಮೆ. ಆದರೆ ಹುಡುಗ ಯಾರ ಮಗ, ಕಾಲು ಉಳುಕಿದರೆ ಯಾರು ನೋಡಬೇಕು, ಪಂದ್ಯದ ದಿನ ಕೆಲಸಕ್ಕೆ ರಜೆ ಸಿಗದಿದ್ದರೆ ಯಾರು ಹೋಗಿ ಮಾತಾಡಬೇಕು ಎಂಬುದು ತಾಲೀಮಿನ ಕಟ್ಟೆಯ ಮೇಲೆಯೇ ತೀರ್ಮಾನವಾಗುತ್ತದೆ. ಕೊಲ್ಹಾಪುರದ ಫುಟ್‌ಬಾಲ್‌ನ ಗುಟ್ಟು ಇಷ್ಟೇ ಎಂದು ನಾನು ನಂಬಿದ್ದೇನೆ.

ಇತಿಹಾಸವನ್ನು ಚಿಕ್ಕದಾಗಿ ಹೇಳಬಹುದು. ಕುಸ್ತಿಗೆ ಆಸರೆಯಾದ ಛತ್ರಪತಿ ಶಾಹು ಮಹಾರಾಜರು ಖಾಸಬಾಗ ಮೈದಾನ ಕಟ್ಟಿಸಿದರು. ಅದು ಮುಗಿದದ್ದು 1912ರಲ್ಲಿ. ಫುಟ್‌ಬಾಲ್ ಇಂಗ್ಲಿಷರ ಜೊತೆ ಬಂತು, ಅರಮನೆಯ ಒಲವು ಗಳಿಸಿತು, ಪೇಟೆಗಳಿಗೆ ಇಳಿಯಿತು. 1940ರಲ್ಲಿ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ಹುಟ್ಟಿತು. ಊರವರ ಬಾಯಲ್ಲಿ ಅದು ಕೆಎಸ್‌ಎ. ಇವತ್ತಿಗೂ ಲೀಗ್ ನಡೆಸುವುದು ಅದೇ, ಅರಮನೆಯ ನಂಟೂ ತಪ್ಪಿಲ್ಲ.

ಇಲ್ಲಿ ಒಬ್ಬ ಕಾಲೇಜು ಹುಡುಗನ ಕಥೆ ಹೇಳಲೇಬೇಕು. ಅವನು ಫುಟ್‌ಬಾಲಿಗನಲ್ಲ, ಪೈಲ್ವಾನ. ಕರಾಡದ ಹತ್ತಿರ ಗೋಳೇಶ್ವರ ಎಂಬ ಹಳ್ಳಿಯ ಖಾಶಾಬಾ ಜಾಧವ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದವರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಅವರನ್ನು ಕಳಿಸಲು ಕೊಲ್ಹಾಪುರದ ಮಹಾರಾಜರು ನೆರವಾದರು. ಅಲ್ಲಿ ಆರನೆಯ ಸ್ಥಾನ ಬಂತು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಗೆ ಹೋಗಲು ಖಾಶಾಬಾ ಮತ್ತೆ ದುಡ್ಡು ಹೊಂದಿಸಬೇಕಾಯಿತು. ಊರವರು ಕೈಲಾದಷ್ಟು ಕೊಟ್ಟರು. ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆ ಇಟ್ಟು 7,000 ರೂಪಾಯಿ ತಂದುಕೊಟ್ಟರು. ಖಾಶಾಬಾ ಕಂಚು ಗೆದ್ದು ಬಂದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ವಿದ್ಯಾರ್ಥಿಯ ಆಟವನ್ನು ತನ್ನ ಮನೆಯ ಮಾತು ಎಂದುಕೊಂಡ ಒಬ್ಬ ಮೇಷ್ಟರು ಇದ್ದರು ಎಂಬುದನ್ನು ಕಾಲೇಜುಗಳು ಮರೆಯಬಾರದು.

ಈಗಿನ ಕಾಲೇಜು ಫುಟ್‌ಬಾಲ್ ಹೇಗೆ ನಡೆಯುತ್ತದೆ? ಕೊಲ್ಹಾಪುರ, ಸಾಂಗಲಿ, ಸಾತಾರಾ ಮೂರೂ ಜಿಲ್ಲೆಯ ಕಾಲೇಜುಗಳು 1962ರಲ್ಲಿ ಶುರುವಾದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಜತ್ತದ ರಾಜೇ ರಾಮರಾವ ಮಹಾವಿದ್ಯಾಲಯವೂ ಅದರದೇ. ಮೊದಲು ವಲಯದ ಪಂದ್ಯಗಳು, ಗೆದ್ದವರಿಗೆ ಅಂತರವಲಯ, ಅಲ್ಲಿ ಕಣ್ಣಿಗೆ ಬಿದ್ದವರು ವಿಶ್ವವಿದ್ಯಾಲಯದ ತಂಡಕ್ಕೆ, ಆ ತಂಡ ಪಶ್ಚಿಮ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ. ಸೋತವರು ಮನೆಗೆ ಹೋಗುವ ಪದ್ಧತಿಯಲ್ಲಿ ಸಣ್ಣ ಊರಿನ ಕಾಲೇಜೊಂದಕ್ಕೆ ಇಡೀ ವರ್ಷದ ಸೀಸನ್ ಎಂದರೆ ಒಂದೇ ಪಂದ್ಯ ಆಗಿಬಿಡಬಹುದು. ಬೆಳಗಿನ ಬಸ್ಸು ಹತ್ತಿ ಹೋಗಿ, ಆಡಿ, ಸೋತು, ರಾತ್ರಿಯ ಬಸ್ಸಿಗೆ ಮರಳಿದರೆ ಬೂಟು ಮುಂದಿನ ವರ್ಷದ ತನಕ ಗೂಟಕ್ಕೆ.

ಕೊಲ್ಹಾಪುರದ ಹುಡುಗನಿಗೆ ಹಾಗಾಗುವುದಿಲ್ಲ. ಕಾಲೇಜು ಸೋತರೂ ಸಂಜೆ ಅವನನ್ನು ತಾಲೀಮು ಕಾಯುತ್ತಿರುತ್ತದೆ. ಮಳೆ ನಿಂತು ಚಳಿ ಬಿದ್ದ ಮೇಲೆ ಕೆಎಸ್‌ಎ ಲೀಗ್ ಆರಂಭ, ಆಮೇಲೆ ಒಂದರ ಹಿಂದೆ ಒಂದು ಚಷಕಗಳು. ಮತ್ತೆ ಮಳೆ ಬರುವ ತನಕ ಆಟ. ಶಿವಾಜಿ ಪೇಟೆ, ಮಂಗಳವಾರ ಪೇಟೆಗಳ ತಂಡಗಳು ಎದುರಾದ ದಿನ ಸ್ಟೇಡಿಯಮ್ಮು ತುಂಬುತ್ತದೆ. ಅನಿಕೇತ ಜಾಧವ ಈ ಊರಿನ ಹುಡುಗ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ದೇಶದ ಅಂಗಿ ತೊಟ್ಟ. ಕೊಲ್ಕತ್ತೆಯ ಮೋಹನ್ ಬಾಗಾನಿಗೆ ಆಡಿದ ನಿಖಿಲ ಕದಮ್ ಕೂಡ ಇಲ್ಲಿಯವರು.

ಎಲ್ಲವೂ ಚೆನ್ನಾಗಿದೆ ಎಂದು ಹೇಳಲಾರೆ. ಪೇಟೆಯ ಅಭಿಮಾನ ಮೈಮೇಲೆ ಬಂದು ಗ್ಯಾಲರಿಯಲ್ಲಿ ಬಡಿದಾಟ, ಕಲ್ಲು ತೂರಾಟ ಆದದ್ದಿದೆ, ಪೊಲೀಸರ ನಡುವೆ ಪಂದ್ಯ ನಡೆಸಬೇಕಾದದ್ದಿದೆ. ಚಷಕಗಳು ರಾಜಕಾರಣಿಗಳ ಹೆಸರಲ್ಲಿ ಬರುತ್ತವೆ. ಹೊರಗಿನ ಆಟಗಾರರನ್ನು, ವಿದೇಶಿಯರನ್ನೂ ದುಡ್ಡು ಕೊಟ್ಟು ಕರೆಸಿಕೊಳ್ಳುವ ಚಟ ಹತ್ತಿದ ಮೇಲೆ ಪೇಟೆಯದೇ ಹುಡುಗ ಬೆಂಚಿನ ಮೇಲೆ ಕೂರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ತಾಲೀಮು ಇರುವುದೇ ಅವನಿಗಾಗಿ.

ಜತ್ತದ ಪೂರ್ವ ಭಾಗಕ್ಕೆ ಬಂದರೆ ಚಿತ್ರ ಬೇರೆ. ನೀರಿಲ್ಲದ ನೆಲ. ಕರ್ನಾಟಕಕ್ಕೆ ಸೇರಿಸಿ ಎಂದು 2012ರಲ್ಲಿ ಹಳ್ಳಿಗಳು ಠರಾವು ಮಾಡಿದ್ದೂ ನೀರಿಗಾಗಿಯೇ. ದೀಪಾವಳಿ ಸುಮಾರಿಗೆ ಸಕ್ಕರೆ ಕಾರ್ಖಾನೆಗಳು ಶುರುವಾದವು ಎಂದರೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮಕ್ಕೆ ಹೊರಡುತ್ತವೆ, ಬೇಸಿಗೆಗೆ ಮರಳುತ್ತವೆ. ಕೊಲ್ಹಾಪುರದಲ್ಲಿ ಫುಟ್‌ಬಾಲ್ ರಂಗೇರುವ ತಿಂಗಳುಗಳೂ ಅವೇ. ಅಲ್ಲಿ ಒಬ್ಬ ಹುಡುಗ ಚೆಂಡು ಒದೆಯುವ ಹೊತ್ತಿಗೆ ನಮ್ಮ ಹುಡುಗ ಅದೇ ಜಿಲ್ಲೆಯ ಗದ್ದೆಯಲ್ಲಿ ಕೊಯ್ತಾ ಹಿಡಿದಿರುತ್ತಾನೆ. ಆಟಕ್ಕೆ ಬೇಕಾದ ಕಸುವು ಅವನಲ್ಲಿ ಇಲ್ಲವೆಂದಲ್ಲ. ಜಾತ್ರೆಯ ಕುಸ್ತಿಯಲ್ಲಿ, ಕಬಡ್ಡಿಯಲ್ಲಿ ಅದು ಪ್ರತಿ ವರ್ಷ ಕಾಣುತ್ತದೆ. ಇಲ್ಲದಿರುವುದು ವರ್ಷಪೂರ್ತಿ ಅವನನ್ನು ತನ್ನವನು ಎನ್ನುವ ಒಂದು ಕಟ್ಟೆ.

ಇದಕ್ಕೆ ಅರಮನೆಯೇ ಬೇಕೆಂದೇನಿಲ್ಲ. ಬೆಳಗಾವಿ ಜಿಲ್ಲೆಗೆ ತಾಗಿದ, ಸುತ್ತ ಕನ್ನಡ ಕೇಳಿಸುವ ಗಡಹಿಂಗ್ಲಜ ಬರೀ ತಾಲೂಕು ಊರು. ಅಲ್ಲಿಯ ಯುನೈಟೆಡ್ ಫುಟ್‌ಬಾಲ್ ಸಂಸ್ಥೆಯವರು ಹೈಸ್ಕೂಲ್ ಮೈದಾನದಲ್ಲಿ ದೀಪಾವಳಿ ಹೊತ್ತಿಗೆ ಅಖಿಲ ಭಾರತ ಪಂದ್ಯಾವಳಿ ನಡೆಸುತ್ತಾ ಬಂದಿದ್ದಾರೆ. ಹಬ್ಬಕ್ಕೆ ಊರಿಗೆ ಬಂದವರೆಲ್ಲ ಮೈದಾನಕ್ಕೆ ಬರುತ್ತಾರೆ.

ಜತ್ತದಲ್ಲಿ ಗರಡಿಗಳಿವೆ, ಗಣಪತಿ ಮಂಡಳಿಗಳಿವೆ, ಗುಡ್ಡಾಪುರದ ದಾನಮ್ಮನ ಜಾತ್ರೆ, ಜತ್ತದ ಯಲ್ಲಮ್ಮನ ಜಾತ್ರೆಗೆ ವಂತಿಗೆ ಎತ್ತಿ ಅಭ್ಯಾಸವಿರುವ ಹಿರಿಯರಿದ್ದಾರೆ. ಆ ವಂತಿಗೆಯಲ್ಲಿ ಒಂದು ಪಾಲು ತೆಗೆದು ಎರಡು ಚೆಂಡು, ಎರಡು ಜೊತೆ ಗೋಲು ಕಂಬ ತರಲಿ. ಕಬ್ಬಿನ ಹಂಗಾಮು ಮುಗಿಸಿ ಹುಡುಗರು ಮರಳುವ ಬೇಸಿಗೆಯಲ್ಲಿ ಹಳ್ಳಿ ಹಳ್ಳಿಗಳ ನಡುವೆ ಪಂದ್ಯ ಇಡಲಿ. ಕಾಲೇಜುಗಳು ರಜೆಯಲ್ಲೂ ಮೈದಾನದ ಗೇಟು ತೆರೆದಿಡಲಿ. ಗರಡಿಯ ಹಿರಿಯರೇ, ಮುಂದಿನ ಜಾತ್ರೆಯ ಸಭೆಯಲ್ಲಿ ದಯವಿಟ್ಟು ಈ ಮಾತನ್ನೂ ಎತ್ತಿ.