ಊರೊಳಗಣ ಮರಗಳೂ ಸರಕಾರದ ಅನುದಾನವೂ

ಜ್ಯೇಷ್ಠಮಾಸವು ಬಂದಿತೆಂದರೆ ನಮ್ಮ ಕೊಪ್ಪಳ ಸೀಮೆಯ ಊರುಗಳಲ್ಲಿ ಗುಂಡಿ ತೋಡುವ ಸಂಭ್ರಮವು ಮೊದಲಾಗುತ್ತದೆ. ಜೂನ್ 5ರ ಪರಿಸರ ದಿನದಂದು ಸಸಿಗಳು ಬರುತ್ತವೆ, ಭಾಷಣಗಳಾಗುತ್ತವೆ, ಛಾಯಾಚಿತ್ರ ತೆಗೆಯುವವರೂ ಬರುತ್ತಾರೆ. ಫಾಲ್ಗುಣದಲ್ಲಿ ಅದೇ ಗುಂಡಿಗಳ ಬಳಿಗೆ ಹೋಗಿ ನೋಡುವವರು ಮಾತ್ರ ವಿರಳ. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಒಂದು ಶಾಲೆಯಲ್ಲಿ ಅನುದಾನದಿಂದ ಬಂದ 60 ಸಸಿಗಳನ್ನು ಮಕ್ಕಳಿಂದ ನೆಡಿಸಿದೆವು. ಮರುವರ್ಷವೂ 60 ಸಸಿಗಳು ಬಂದುವು. ಹಾರೆಗಳನ್ನು ಹೊರಗೆ ತೆಗೆಯುತ್ತಿರುವಾಗ ಏಳನೆಯ ತರಗತಿಯ ಹುಡುಗನೊಬ್ಬನು, “ಸರ, ಹ್ವಾದ ವರ್ಷದ ಕುಣಿ ಹಂಗ ಅದಾವಲ್ರಿ, ಮತ್ಯಾಕ ತೋಡೂದು?” ಎಂದು ಕೇಳಿದನು. ಅಧಿಕಪ್ರಸಂಗಿಯೆಂದು ಅವನನ್ನು ಗದರಿಸಿದೆವು. ಆದರೆ ಅವನ ಲೆಕ್ಕವು ಸರಿಯಾಗಿದ್ದಿತು. ಎರಡು ವರ್ಷಗಳ ವರದಿಯಲ್ಲಿ 120 ಎಂದು ಬರೆದವರು ನಾವು. ಕಣ್ಣಿಗೆ ಕಾಣುತ್ತಿದ್ದ ಗಿಡಗಳಾದರೋ ಬೆರಳೆಣಿಕೆಯವು.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೆಂಬ ನಾಲ್ಕು ತಾಲೂಕುಗಳೇ ಮೂಲ. ವರ್ಷವೊಂದರಲ್ಲಿ ಬೀಳುವ ಮಳೆಯು 600 ಮಿಲಿಮೀಟರಿಗೂ ಕಡಿಮೆ. ಗಂಗಾವತಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯುಂಟು. ಕುಷ್ಟಗಿ, ಯಲಬುರ್ಗಾಗಳಿಗೆ ಆಕಾಶವೇ ಗತಿ. ಕೊಪ್ಪಳಕ್ಕೆ ಗಿಣಿಗೇರಿಯ ಕಡೆಯ ಕಾರ್ಖಾನೆಗಳ ಧೂಳು ಬೇರೆ. ಇಂತಹ ಊರುಗಳಲ್ಲಿ ಬೀದಿಯ ಮರವನ್ನು ಅಲಂಕಾರವೆಂದು ಎಣಿಸುವುದು ತಪ್ಪು. ವೈಶಾಖದ ಮಧ್ಯಾಹ್ನದಲ್ಲಿ ಸಂತೆಗೆ ಕಾಯಿಪಲ್ಯ ತಂದು ಕುಳಿತ ಮುದುಕಿಗೂ, ಬಸ್ಸಿಗೆ ಕಾದು ನಿಂತ ಬಾಣಂತಿಗೂ ಅದು ಛತ್ರವೇ ಸರಿ.

ಹಾಗಾದರೆ ಇದಕ್ಕೆ ಹಣವಿಲ್ಲವೇ? ಉಂಟು. ಕೇಂದ್ರ ಸರಕಾರದವರು 2020ರಲ್ಲಿ ನಗರವನ ಯೋಜನೆಯನ್ನು ಆರಂಭಿಸಿದರು. ಅರಣ್ಯಭೂಮಿಯನ್ನು ಬೇರೆ ಕಾರ್ಯಕ್ಕೆ ತೆಗೆದುಕೊಂಡವರು ಕಟ್ಟುವ ಪರಿಹಾರದ್ರವ್ಯದಿಂದ ಇದಕ್ಕೆ ಹೆಕ್ಟೇರು ಒಂದಕ್ಕೆ 4 ಲಕ್ಷ ರೂಪಾಯಿಗಳ ನೆರವನ್ನು ಗೊತ್ತುಪಡಿಸಲಾಯಿತು. ನಗರವನವೆನಿಸಿಕೊಳ್ಳಲು 10ರಿಂದ 50 ಹೆಕ್ಟೇರು ನೆಲ ಬೇಕು. 1ರಿಂದ 10 ಹೆಕ್ಟೇರಿನದು ನಗರವಾಟಿಕೆ. ಇಲ್ಲಿಯೇ ಸಣ್ಣ ಊರಿನ ತೊಡಕು. ಯಲಬುರ್ಗಾದಂತಹ ಪಟ್ಟಣ ಪಂಚಾಯಿತಿಗೆ ಊರ ನಡುವೆ 10 ಹೆಕ್ಟೇರು ಎಲ್ಲಿಂದ ಬರಬೇಕು? ಊರ ಹೊರಗಿನ ಗುಡ್ಡದ ಬದಿಯಲ್ಲಿ ಸಿಕ್ಕೀತು. ಆದರೆ ಅಲ್ಲಿಯ ನೆರಳು ಸಂತೆಯ ಮುದುಕಿಗೆ ಬಾರದು. ಓಣಿಗೆ ಬೇಕಾದುದು ವನವಲ್ಲ, ಹತ್ತು ಹೊಂಗೆ, ಹತ್ತು ಬೇವು. ಅವು ಹೆಕ್ಟೇರಿನ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಪುರಸಭೆಯ ಬೊಕ್ಕಸದ ಪರಿಯೂ ಇಂತಹುದೇ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅವಧಿಗೆ ಇಂತಹ ಊರುಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲು. ಇದು ನ್ಯಾಯವೇ. ಉಳಿದ 40 ಪಾಲಿನಲ್ಲಿ ರಸ್ತೆಯೊಡನೆಯೂ ಬೀದಿದೀಪದೊಡನೆಯೂ ಮರವು ಪೈಪೋಟಿ ಮಾಡಬೇಕು. ಮಾತು ಬಾರದ ಮರವು ಯಾವ ಸಭೆಯಲ್ಲಿ ಗೆದ್ದೀತು? 2013ರ ಕಂಪನಿ ಕಾನೂನಿನಂತೆ, ಗೊತ್ತಾದ ಗಾತ್ರವನ್ನು ಮೀರಿದ ಕಂಪನಿಗಳು ತಮ್ಮ ಲಾಭದ ಸರಾಸರಿಯಲ್ಲಿ ನೂರಕ್ಕೆ 2ರಷ್ಟನ್ನು ಲೋಕಹಿತಕ್ಕೆ ವೆಚ್ಚ ಮಾಡಬೇಕು. ಪರಿಸರವೂ ಆ ಪಟ್ಟಿಯಲ್ಲಿದೆ. ಕಾರ್ಖಾನೆಗಳ ನೆರೆಯ ಕೊಪ್ಪಳದವರು ಇದನ್ನು ಕೇಳಲು ಸಂಕೋಚಪಡಬೇಕಾದುದಿಲ್ಲ.

ಧನಿಕ ದೇಶಗಳಲ್ಲಿಯೂ ಅನುದಾನವೆಂಬುದು ಸ್ಥಿರವಲ್ಲ. ಅಮೆರಿಕಾ ದೇಶದವರು 2022ರ ಕಾಯಿದೆಯೊಂದರಿಂದ ಊರೊಳಗಣ ಮರಗಳಿಗೆಂದೇ 150 ಕೋಟಿ ಡಾಲರುಗಳನ್ನು ಎತ್ತಿಟ್ಟರು. ಅದರಲ್ಲಿ 7.5 ಕೋಟಿಯನ್ನು ಬೇರೆಬೇರೆ ಊರುಗಳಿಗೆ ಹಂಚಲೆಂದು ಒಂದು ಸಂಸ್ಥೆಗೆ ಒಪ್ಪಿಸಿದ್ದರು. 2025ರ ಆರಂಭದಲ್ಲಿ ಆಳ್ವಿಕೆ ಬದಲಾದೊಡನೆ ಅದು ರದ್ದಾಯಿತು.

ನಮ್ಮ ಆಕ್ಷೇಪವು ಹಣದ ಅಲ್ಪತೆಯನ್ನು ಕುರಿತುದಲ್ಲ, ಅದನ್ನು ಅಳೆಯುವ ಕೋಲನ್ನು ಕುರಿತುದು. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ತೋಡಿದ ಗುಂಡಿ, ನೆಟ್ಟ ಸಸಿ. ಇದಕ್ಕೆ ಅಪವಾದವು ನಮ್ಮ ರಾಜ್ಯದಲ್ಲಿಯೇ ಇದೆ. ಅರಣ್ಯ ಇಲಾಖೆಯವರು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನಿಗೆ ಸಸಿಯನ್ನು ಕಡಿಮೆ ಬೆಲೆಗೆ ಕೊಟ್ಟು, ಬದುಕಿದ ಸಸಿಗೆ ಮಾತ್ರ ಪ್ರೋತ್ಸಾಹಧನ ಕೊಡುವರು. ಪರಿಷ್ಕೃತ ದರದಂತೆ ಮೊದಲನೆಯ ವರ್ಷದ ಕೊನೆಗೆ 35, ಎರಡನೆಯದಕ್ಕೆ 40, ಮೂರನೆಯದಕ್ಕೆ 50, ಹೀಗೆ ಒಟ್ಟು 125 ರೂಪಾಯಿ. ಸಸಿಯು ದೊಡ್ಡದಾದಂತೆ ಹಣವೂ ಹೆಚ್ಚುವ ಈ ಕ್ರಮವನ್ನು ಕಲ್ಪಿಸಿದವರು ಬೇಸಗೆಯನ್ನು ಬಲ್ಲವರಾಗಿರಬೇಕು. ಹೊಲಕ್ಕೆ ಸಲ್ಲುವ ಈ ನ್ಯಾಯವು ಓಣಿಗೆ ಏಕೆ ಸಲ್ಲಬಾರದು? ಮನೆಯ ಮುಂದಿನ ಮರವನ್ನು ಮೂರು ವರ್ಷ ಕಾಪಾಡಿದವರಿಗೆ ಪುರಸಭೆಯವರು ಮನೆಗಂದಾಯದಲ್ಲಿ ಅಷ್ಟನ್ನೇ ಬಿಟ್ಟುಕೊಟ್ಟರೂ ಸಾಕು.

ನೀರಿನ ವಿಷಯದಲ್ಲಿ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದದಲ್ಲಿ ವಿಧಿಯನ್ನೇ ಹೇಳಿದ್ದಾನೆ: ನೆಟ್ಟ ಗಿಡಕ್ಕೆ ಗ್ರೀಷ್ಮದಲ್ಲಿ ಬೆಳಗೂ ಸಂಜೆಯೂ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ನೀರೆರೆಯಬೇಕು. ಮರದಿಂದ ಮರಕ್ಕೆ 20 ಮೊಳದ ಅಂತರವು ಉತ್ತಮ, 12 ಅಧಮ ಎಂದೂ ಅವನ ಮತ. ವಿದ್ಯುತ್ತಿನ ತಂತಿಯ ಕೆಳಗೆ ಒತ್ತೊತ್ತಾಗಿ ನೆಟ್ಟು ಆಮೇಲೆ ತಲೆ ಕಡಿಯುವವರು ಇದನ್ನು ಓದಿದ್ದರೆ ಚೆನ್ನಾಗಿತ್ತು. ನಲ್ಲಿಯ ನೀರಿಗೆ ಕಾಯುವ ನಮ್ಮ ಊರುಗಳಲ್ಲಿ ಆಚಾರ್ಯನ ವಿಧಿಯು ದುಸ್ಸಾಧ್ಯ. ಮೂರು ದಿನಕ್ಕೊಂದು ಕೊಡವೆಂದು ಇಟ್ಟುಕೊಳ್ಳೋಣ. ಫೆಬ್ರುವರಿಯಿಂದ ಮೇ ತಿಂಗಳ ಕೊನೆಯ ವರೆಗೆ 120 ದಿನಕ್ಕೆ 40 ಕೊಡ, ಮೂರು ಬೇಸಗೆಗೆ 120 ಕೊಡ. ಕೊಡಕ್ಕೆ 15 ಲೀಟರಿನಂತೆ ಒಂದು ಗಿಡಕ್ಕೆ 1,800 ಲೀಟರು. ನೂರು ಗಿಡಗಳಿಗೆ 5,000 ಲೀಟರಿನ 36 ಟ್ಯಾಂಕರುಗಳು, ಅದೂ ಮೂರು ವರ್ಷಗಳಲ್ಲಿ ಹಂಚಿ. ಇದು ಯಾವ ಪುರಸಭೆಗೂ ಎಟುಕದ ವೆಚ್ಚವಲ್ಲ. ಸಸಿಯ ಅಂದಾಜುಪಟ್ಟಿಯಲ್ಲಿಯೇ ಇದನ್ನು ಮೊದಲು ಬರೆಯಬೇಕು, ಅಷ್ಟೆ. ಆದುದರಿಂದ ನಮ್ಮ ವಾಚಕರಲ್ಲಿ ಅರಿಕೆ: ನಿಮ್ಮ ವಾರ್ಡಿನಲ್ಲಿ ಸಸಿಗಳ ಮಾತು ಬಂದಾಗ ಎಷ್ಟು ಸಸಿ ಎಂದು ಕೇಳಬೇಡಿರಿ. ಮೂರನೆಯ ಬೇಸಗೆಯ ನೀರಿಗೆ ಎಷ್ಟು ಹಣವಿಟ್ಟಿದ್ದೀರಿ, ಎಣಿಸಲು ಯಾರು ಬರುತ್ತಾರೆ ಎಂದು ಕೇಳಿರಿ.

ಉಪದೇಶ ಮಾಡುವ ನಾವೇ ತಪ್ಪಿತಸ್ಥರೆಂಬುದನ್ನು ಮುಚ್ಚಿಡಲಾರೆವು. ನಮ್ಮ ಓಣಿಯಲ್ಲಿ ನೆಟ್ಟ ಒಂಬತ್ತು ಹೊಂಗೆಗಳಲ್ಲಿ ಮೂರು ಉಳಿದಿವೆ. ಆ ಮೂರೂ, ಅಕ್ಕಿ ತೊಳೆದ ನೀರನ್ನೂ ಪಾತ್ರೆ ಗಲಬರಿಸಿದ ನೀರನ್ನೂ ಗೃಹಿಣಿಯರು ತಂದು ಹೊಯ್ದ ಮನೆಗಳ ಮುಂದಿನವು. ನಮ್ಮ ಮನೆಯ ಮುಂದಿನದು ಎರಡನೆಯ ಬೇಸಗೆಯಲ್ಲಿ ಒಣಗಿತು. ಆಗ ನಾವು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಎರಡು ತಿಂಗಳು ಸುಖವಾಗಿದ್ದೆವು. ಈಗ ಅದೇ ಕುಣಿಯಲ್ಲಿ ಬೇವನ್ನು ನೆಟ್ಟಿದ್ದೇವೆ. ಬರುವ ಬೇಸಗೆಯಲ್ಲಿಯೂ ಮಗನ ಮನೆಗೆ ಹೋಗತಕ್ಕುದಿದೆಯೆಂದು ಎದುರುಮನೆಯ ಅಕ್ಕನವರಲ್ಲಿ ಬಿನ್ನವಿಸಿಕೊಂಡೆವು. “ಹೋಗಿ ಬರ್ರಿ ಮಾಸ್ತರ, ನೀರ ನಾ ಹಾಕ್ತೀನಿ. ಲೆಕ್ಕದಾಗ ಮಾತ್ರ ನನ್ನ ಹೆಸರ ಬರೀರಿ” ಎಂದರು. ಬರೆದಿದ್ದೇವೆ.