ಐದನೇ ತಿಂಗಳ ಹತ್ತು ರೂಪಾಯಿ

ಮಾಂಸಕ್ಕೆಂದೇ ದನ ಕೊಬ್ಬಿಸಿ ಮಾರುವ ಕಸುಬು ನಮ್ಮ ಕಡೆ ಇಲ್ಲ. ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟರೆ ಉಳಿದ ರಾಸುಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಯಲಹಂಕ, ಹೆಸರಘಟ್ಟ, ರಾಜಾನುಕುಂಟೆ ಸುತ್ತಿನಲ್ಲಿ ಶೆಡ್ ಹಾಕಿ ಮಾಂಸಕ್ಕೆ ಸಾಕಬೇಕೆಂದು ಹೊರಟವರಿಗೆ ಕೈಗೆಟುಕುವುದು ಕುರಿ. ಯಾವಾಗ ಮಾರಿದರೆ ನಾಲ್ಕು ಕಾಸು ಉಳಿದೀತು ಎಂಬ ಪ್ರಶ್ನೆಯೂ ಅವರದೇ.

2019ರ ಗಣತಿಯಂತೆ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ಮುಂದಿನ ಸ್ಥಾನ ನಮ್ಮದು. ಆದರೂ ಸಂತೆಯಲ್ಲಿ ವ್ಯಾಪಾರ ಹೆಚ್ಚಾಗಿ ಕಣ್ಣಂದಾಜಿನಲ್ಲೇ ಮುಗಿಯುತ್ತದೆ. ದಲ್ಲಾಳಿ ಬೆನ್ನಮೂಳೆಯ ಮೇಲೆ ಕೈಯಾಡಿಸಿ, ಟವೆಲ್ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಾನೆ. ಅವನ ಅಂದಾಜು ಕಿಲೋ ಆಚೀಚೆ ಇರಬಹುದು, ಅಷ್ಟೇ. ಅವನಿಗೆ ತೂಕ ಗೊತ್ತು, ಸಾಕಿದವನಿಗೆ ಗೊತ್ತಿಲ್ಲ. ನಷ್ಟ ಹುಟ್ಟುವುದೇ ಅಲ್ಲಿ.

ಒಂದು ಲೆಕ್ಕ ಹಾಕೋಣ. ನಾಲ್ಕು ತಿಂಗಳ, 14 ಕೆ.ಜಿ. ತೂಗುವ 25 ಟಗರು ಮರಿಗಳನ್ನು ತಲಾ 6,500 ರೂಪಾಯಿಗೆ ತಂದಿರಿ ಎನ್ನಿ. ಜೀವಂತ ತೂಕಕ್ಕೆ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಇವು ಲೆಕ್ಕಕ್ಕಾಗಿ ಹಿಡಿದ ದರಗಳು, ನಿಮ್ಮೂರಿನ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಹಸಿಮೇವು, ಒಣಮೇವು, ಹಿಂಡಿ-ಬೂಸಾ, ಔಷಧಿ, ಆಳಿನ ಕೂಲಿ ಎಲ್ಲ ಸೇರಿ ಮೊದಲ ತಿಂಗಳು ದಿನಕ್ಕೆ ಒಂದು ಮರಿಗೆ 23 ರೂಪಾಯಿ. ಮರಿ ಬೆಳೆದಂತೆ ಹೊಟ್ಟೆಯೂ ದೊಡ್ಡದಾಗುವುದರಿಂದ ಖರ್ಚು ಐದನೇ ತಿಂಗಳಿಗೆ 33, ಆರನೆಯದಕ್ಕೆ 35.

ಹೊಸ ಜಾಗಕ್ಕೆ ಹೊಂದಿಕೊಳ್ಳುವ ಮೊದಲ ತಿಂಗಳಲ್ಲಿ ಎರಡೂವರೆ ಕಿಲೋ ಏರಿದರೆ 1,000 ರೂಪಾಯಿ. ಖರ್ಚು 690, ಉಳಿಕೆ 310. ಎರಡನೇ ತಿಂಗಳು ನಾಲ್ಕು ಕಿಲೋ ಏರುತ್ತದೆ, ಉಳಿಕೆ 850. ಮೂರನೆಯದರಲ್ಲೂ ನಾಲ್ಕು ಕಿಲೋ, ಉಳಿಕೆ 760. ನಾಲ್ಕನೆಯದರಲ್ಲಿ ಮೂರೂವರೆ ಕಿಲೋಗೆ 470. ಐದನೇ ತಿಂಗಳು ಎರಡೂವರೆ ಕಿಲೋ ಏರಿ 1,000 ರೂಪಾಯಿ ಬಂದರೆ ಖರ್ಚು 990. ಮೂವತ್ತು ದಿನ ಮೇವು ಹಾಕಿ, ಹಿಕ್ಕೆ ಬಾಚಿ ಉಳಿದದ್ದು ಹತ್ತು ರೂಪಾಯಿ! ಐದನೇ ತಿಂಗಳು ಶುರುವಾಗುವಷ್ಟರಲ್ಲಿ ಮರಿಯ ಮೇಲೆ ಹೂಡಿರುವ 9,710 ರೂಪಾಯಿಗೆ ತಿಂಗಳಿಗೆ ಶೇ 1ರ ಬಡ್ಡಿ ಹಿಡಿದರೂ 97 ರೂಪಾಯಿ ಆಗುತ್ತದೆ. ಆರನೇ ತಿಂಗಳು 1.8 ಕಿಲೋ ಮಾತ್ರ ಏರಿದರೆ ಬಡ್ಡಿ ಬಿಟ್ಟೇ 330 ರೂಪಾಯಿ ಕೈಯಿಂದ ಹೋಗುತ್ತದೆ.

ನಾಲ್ಕನೇ ತಿಂಗಳ ಕೊನೆಗೆ 28 ಕಿಲೋ ತೂಗುವ ಮರಿ 11,200 ರೂಪಾಯಿಗೆ ಹೋದರೆ ಲಾಭ ತಲಾ 1,490, ಒಟ್ಟು 37,250. ಆರು ತಿಂಗಳು ಕಾದರೆ 29,250. ಕುರಿ ಮಾತ್ರ ಆಗ ಇನ್ನಷ್ಟು ಚೆನ್ನಾಗಿ ಕಾಣುತ್ತಿರುತ್ತದೆ, ಮಾರಲು ಮನಸ್ಸು ಬಾರದು. ಮಾಂಸದ ಅಂಗಡಿಯವರ ಲೆಕ್ಕವೂ ತಿಳಿದಿರಲಿ. 28 ಕಿಲೋದ ಟಗರು ಕೊಯ್ದರೆ ಸಿಗುವುದು ಸುಮಾರು ಹದಿಮೂರೂವರೆ ಕಿಲೋ. 11,200 ಕೊಟ್ಟವನಿಗೆ ಮಾಂಸ ಕಿಲೋಗೆ 830 ಬಿದ್ದಂತಾಯಿತು. ತಲೆ, ಕಾಲು, ಬೋಟಿ, ಚರ್ಮದಲ್ಲಿ ಅವನು ತನ್ನ ಪಾಲು ಹುಡುಕಬೇಕು. ಅದಕ್ಕೇ ಅವನು ಬರೀ ಕೊಬ್ಬು ತುಂಬಿದ ಕುರಿಗೆ ಹೆಚ್ಚು ಕೊಡುವುದಿಲ್ಲ.

ಈ ಲೆಕ್ಕ ತಲೆಕೆಳಗಾಗುವುದು ಹಬ್ಬದಲ್ಲಿ. ದರ ಏರಿದರೆ ಹೊಸದಾಗಿ ಬಂದ ಕಿಲೋಗೆ ಮಾತ್ರವಲ್ಲ, ಇಡೀ ಮೈಗೆ ಏರುತ್ತದೆ. ಎರಡು ತಿಂಗಳು ಹೆಚ್ಚು ಕಾದದ್ದಕ್ಕೆ ಮೇವು 2,040, ಬಡ್ಡಿ 194. 32.3 ಕಿಲೋದ ಕುರಿಗೆ ದರ 416 ರೂಪಾಯಿ ಸಿಕ್ಕರೆ ಆ ಖರ್ಚು ಹುಟ್ಟುತ್ತದೆ, ಅದರ ಮೇಲೆ ಬಂದದ್ದೆಲ್ಲ ಲಾಭ. ಯುಗಾದಿಯ ಮರುದಿನದ ಹೊಸತೊಡಕಿಗೆ ಬೆಂಗಳೂರಿನ ಊರುಕೇರಿಗಳಲ್ಲಿ ಚೀಟಿ ಕಟ್ಟಿ ಗುಡ್ಡೆಮಾಂಸ ಹಂಚಿಕೊಳ್ಳುತ್ತಾರೆ; ಕುರಿಯ ವಯಸ್ಸು ಯಾರೂ ಕೇಳುವುದಿಲ್ಲ. 2025ರಲ್ಲಿ ಹೊಸತೊಡಕು, ರಂಜಾನ್ ಎರಡೂ ಮಾರ್ಚ್ 31ರಂದೇ ಬಂದವು. ಅಂಥ ದಿನಕ್ಕೆ ಕಾಯುವುದು ಸರಿ. ಹಬ್ಬ ತಪ್ಪಿ ದರ 380ಕ್ಕೆ ಇಳಿದರೆ, ನಾಲ್ಕನೇ ತಿಂಗಳಲ್ಲೇ ಮಾರಿದವನಿಗಿಂತ ತಲಾ 1,160, ಒಟ್ಟು 29,000 ರೂಪಾಯಿ ಕಡಿಮೆ.

ಬಕ್ರೀದ್ ದಾರಿ ಬೇರೆ. ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ವರ್ಷ ತುಂಬಿದ ಎರಡು ಹಲ್ಲಿನ ಕುರಿಗೆ ಬೆಲೆ ಹೆಚ್ಚು; ಕಿವಿ ಹರಿದಿರಬಾರದು, ಕೊಂಬು ಮುರಿದಿರಬಾರದು, ಕುಂಟಬಾರದು. ನಾಲ್ಕು ತಿಂಗಳ ಮರಿ ಆರು ತಿಂಗಳಲ್ಲಿ ಅಲ್ಲಿಗೆ ಮುಟ್ಟದು. ಆದ್ದರಿಂದ ಒಂಬತ್ತು ತಿಂಗಳು ದಾಟಿದ ಮರಿಯನ್ನು ಹಬ್ಬಕ್ಕೆ ನಾಲ್ಕು ತಿಂಗಳು ಮೊದಲು ಕೊಳ್ಳಬೇಕು. ಹಬ್ಬವೂ ನಿಂತಲ್ಲಿ ನಿಲ್ಲುವುದಿಲ್ಲ. 2023ರಲ್ಲಿ ಜೂನ್ 29, 2024ರಲ್ಲಿ 17, 2025ರಲ್ಲಿ 7. ವರ್ಷಕ್ಕೆ ಹತ್ತು ಹನ್ನೆರಡು ದಿನ ಮುಂಚೆ ಬರುವುದರಿಂದ ಹೋದ ವರ್ಷ ಕೊಂಡ ತಾರೀಖಿಗೇ ಈ ವರ್ಷವೂ ಕೊಂಡರೆ ಕೊಬ್ಬಿಸಲು ಅಷ್ಟು ದಿನ ಕಡಿಮೆ. ಚಾಮರಾಜಪೇಟೆ ಈದ್ಗಾ ಮೈದಾನದ ಕಡೆ ಉತ್ತರ ಕರ್ನಾಟಕದ ದೊಡ್ಡ ಟಗರುಗಳೂ ಬಂದಿಳಿಯುತ್ತವೆ. ಅವುಗಳ ಪಕ್ಕ ನಮ್ಮ ಕುರಿ ನಿಲ್ಲಬೇಕು.

ಹಬ್ಬಕ್ಕೆ ಮುಟ್ಟಿಸುವ ಅವಸರದಲ್ಲಿ ಜೋಳ ಸುರಿಯುವವರಿದ್ದಾರೆ. ಕಾಳು ಇದ್ದಕ್ಕಿದ್ದಂತೆ ಹೆಚ್ಚಿಸಿದರೆ ಕರುಳುಬೇನೆ ಬರುತ್ತದೆ, ಅದೂ ಚೆನ್ನಾಗಿ ಮೈತುಂಬಿಕೊಂಡ ಮರಿಗೇ. ಎರಡು ತಿಂಗಳು ಸಾಕಿದ ಒಂದು ಮರಿ ಸತ್ತರೆ ಹೋಗುವುದು 7,940 ರೂಪಾಯಿ. ಆಗ 37,250ರ ಲಾಭ 27,820ಕ್ಕೆ ಇಳಿಯುತ್ತದೆ. ಇಪ್ಪತ್ತೈದರಲ್ಲಿ ಒಂದು ಸತ್ತರೂ ಲಾಭದ ಕಾಲುಭಾಗ ಹೋಯಿತು. ಈ ಬೇನೆಯ ಲಸಿಕೆ ದೂರದಿಂದ ಬರಬೇಕಿಲ್ಲ, 1925ರಲ್ಲಿ ಶುರುವಾದ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಕುರಿ ಸಾಕಬೇಕೆಂದಿರುವವರಲ್ಲಿ ನನ್ನದೊಂದು ಬೇಡಿಕೆ. ಮರಿ ತರುವ ಮೊದಲು ತೂಕದ ಯಂತ್ರ ತನ್ನಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೇವು ನೀರು ಕೊಡುವ ಮುಂಚೆ ಒಂದೊಂದನ್ನೂ ತೂಗಿ, ತಾರೀಖು ಸಮೇತ ನೋಟ್‌ಬುಕ್‌ನಲ್ಲಿ ಬರೆದಿಡಿ. ಹದಿನೈದು ದಿನದಲ್ಲಿ ಏರಿದ ತೂಕದ ಬೆಲೆ ಅದೇ ಹದಿನೈದು ದಿನದ ಖರ್ಚಿಗೆ ಸಮನಾಗಿ, ಮುಂದೆ ಎರಡು ತಿಂಗಳೊಳಗೆ ದೊಡ್ಡ ಹಬ್ಬವಿಲ್ಲದಿದ್ದರೆ, ಆ ವಾರವೇ ಮಾರಿಬಿಡಿ.