ಬೇಳೆ ಬೇಯಿಸದ ನೀರು

2019ರಲ್ಲಿ ತನ್ನ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ಜಿಲ್ಲೆಯಲ್ಲಿಯೇ, ಆಳಂದ, ಅಫಜಲಪುರ, ಜೇವರ್ಗಿಗಳ ಸುತ್ತ ಗಡಸು ನೀರಿನ ಕೊಳವೆಬಾವಿಯನ್ನು ನಂಬಿದ ಮನೆಗಳಲ್ಲಿ, ತೊಗರಿ ಬೇಳೆ ಎಷ್ಟು ಕುದಿಸಿದರೂ ಕರಗದೆ ಕಾಳುಕಾಳಾಗಿ ಉಳಿಯುತ್ತದೆ. ಅದೇ ಬೇಳೆ ಮಳೆನೀರಿನಲ್ಲಿ ಬೇಗ ಮೆತ್ತಗಾಗುವುದರಿಂದ ತಪ್ಪು ಬೇಳೆಯದಲ್ಲ, ನೀರಿನಲ್ಲಿ ಕರಗಿರುವ ಲವಣಗಳದು.

ಲವಣವೆಂದರೆ ಅಯಾನುಗಳ, ಅಂದರೆ ಧನ ಇಲ್ಲವೆ ಋಣ ವಿದ್ಯುದಾವೇಶ ಹೊತ್ತ ಕಣಗಳ, ಬಿಗಿಯಾದ ಜೋಡಣೆ. ನೀರಿನ ಅಣುವಿನ ಆಮ್ಲಜನಕದ ಬದಿ ತುಸು ಋಣವೂ ಜಲಜನಕದ ಬದಿ ತುಸು ಧನವೂ ಆಗಿರುವುದರಿಂದ ಅದನ್ನು ಧ್ರುವೀಯ ದ್ರಾವಕವೆನ್ನುತ್ತಾರೆ. ಇಂಥ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದಾಗ ಅಯಾನುಗಳ ಪರಸ್ಪರ ಸೆಳೆತ ಸುಮಾರು 80ರಲ್ಲಿ ಒಂದು ಪಾಲಿಗೆ ಕುಸಿದು ಹರಳು ಬಿಡಿಬಿಡಿಯಾಗುತ್ತದೆ. ಕರಗಿದ ಮೇಲೆ ಅಲ್ಲಿ ಉಪ್ಪು ಎಂಬ ವಸ್ತುವೇ ಇರುವುದಿಲ್ಲ, ಪ್ರತಿಯೊಂದು ಅಯಾನೂ ಸ್ವತಂತ್ರವಾಗಿ ವರ್ತಿಸುತ್ತದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ಸುಣ್ಣಕಲ್ಲು ಶುದ್ಧ ನೀರಿಗೆ ಸುಲಭವಾಗಿ ಮಣಿಯದು. ಲೀಟರಿಗೆ ಸುಮಾರು 15 ಮಿಲಿಗ್ರಾಂ ಕರಗಿದರೆ ಹೆಚ್ಚು. ಆದರೆ ಇಂಗುವ ಮಳೆನೀರು ಬೇರುಗಳ ಉಸಿರಾಟದಿಂದ ಮಣ್ಣಿನಲ್ಲಿ ಸೇರಿದ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲೀಯವಾಗುತ್ತದೆ. ಆಗ ಅದು ಕಲ್ಲಿನಿಂದ ಕ್ಯಾಲ್ಸಿಯಂ ಅಯಾನುಗಳನ್ನು ಧಾರಾಳವಾಗಿ ಎಳೆದುಕೊಂಡು ಗಡಸಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದಲ್ಲಿ 600.

ಈ ಕ್ಯಾಲ್ಸಿಯಂ ಬೇಳೆಯೊಳಗೆ ಮಾಡುವ ಕೆಲಸ ಸೂಕ್ಷ್ಮವಾದದ್ದು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಉದ್ದನೆಯ ಸರಪಳಿಗಳ ಮೇಲೆ ಅಲ್ಲಲ್ಲಿ ಋಣ ಆವೇಶದ ತಾಣಗಳಿವೆ. ಎರಡು ಧನ ಆವೇಶ ಹೊತ್ತ ಕ್ಯಾಲ್ಸಿಯಂ ಒಂದು ಕೈಯಿಂದ ಈ ಸರಪಳಿಯನ್ನೂ ಮತ್ತೊಂದು ಕೈಯಿಂದ ಆ ಸರಪಳಿಯನ್ನೂ ಹಿಡಿದುಕೊಳ್ಳುವುದರಿಂದ, ಬೆಂಕಿ ಎಷ್ಟು ಜೋರಾಗಿದ್ದರೂ ಕೋಶಗಳು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಒಂದೇ ಆವೇಶದ ಸೋಡಿಯಂಗೆ ಇಂಥ ಬೆಸುಗೆ ಹಾಕಲು ಬರುವುದಿಲ್ಲ.

ಹೀಗಿರುವಾಗ, ಮೊದಲೇ ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲವೆಂದು ಸೊಸೆಯರನ್ನು ಗದರುವ ರೂಢಿಗೆ ಆಧಾರವಿಲ್ಲ. ಗಡಸು ನೀರಿನ ಅಪರಾಧವನ್ನು ಉಪ್ಪಿನ ತಲೆಗೆ ಕಟ್ಟುವ ಈ ನಂಬಿಕೆಯನ್ನು ಬಿಡಲೇಬೇಕು. ಉಪ್ಪುನೀರಿನಲ್ಲಿ ನೆನೆಸಿದ ಕಾಳುಗಳಲ್ಲಿ ಸೋಡಿಯಂ ಪೆಕ್ಟಿನ್‌ನ ಕ್ಯಾಲ್ಸಿಯಂ ಇದ್ದ ಜಾಗವನ್ನು ಸ್ವಲ್ಪಮಟ್ಟಿಗೆ ಹಿಡಿದು ಬೇಯುವಿಕೆಯನ್ನು ಚುರುಕುಗೊಳಿಸುತ್ತದೆ. ಅಡುಗೆ ಸೋಡಾ ಇನ್ನೂ ಬಲಶಾಲಿ: ಕುದಿಯುವಾಗ ಅದು ಕ್ಯಾಲ್ಸಿಯಂ ಅನ್ನು ಮತ್ತೆ ಸುಣ್ಣಕಲ್ಲಿನ ಪುಡಿಯಾಗಿ ಬೇರ್ಪಡಿಸುವುದಲ್ಲದೆ ಪೆಕ್ಟಿನ್ ಸರಪಳಿಯನ್ನೂ ಕಡಿಯುತ್ತದೆ, ಆದರೆ ಚಿಟಿಕೆ ಮೀರಿದರೆ ಬೇಳೆಯ ಬಿ1 ಜೀವಸತ್ವವೂ ಅದರೊಂದಿಗೆ ಹಾಳಾಗುತ್ತದೆ.